ಎರಡು ಬ್ರೇಕಿನ ಕಾರಿಗೊಂದು ವೆಬ್‌ಸೈಟು

ಮಗುವಿನ ಮುಂದೆ ಜಗಳವಾಡಬಾರದು ಎಂದು ನಾನೂ ನನ್ನ ಗಂಡನೂ ಒಪ್ಪಂದ ಮಾಡಿಕೊಂಡದ್ದು ಮಗಳು ಮಾತು ಕಲಿಯುತ್ತಿದ್ದ ಕಾಲದಲ್ಲಿ. ಅವಳ ಬಾಯಿಂದ ಮೊದಮೊದಲು ಬಂದ ಮಾತುಗಳಲ್ಲಿ ‘ನಿಂಗೇನ್ ಗೊತ್ತು’ ಎಂಬುದೂ ಒಂದು. ಅಂದೇ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡೆವು. ಆದರೆ ಜಗಳವೇನು ಬೀಗ ಹಾಕಿದರೆ ಸುಮ್ಮನೆ ಮಲಗುವ ಪ್ರಾಣಿಯೇ? ಅದು ಹೊರಬರಲು ಸಂದಿ ಹುಡುಕಿತು. ಸಿಕ್ಕ ಸಂದಿ ನಮ್ಮ ಕೆಲಸದ ಟೂಲು.

ನಾವು ಅಂಗಡಿ, ಕ್ಲಿನಿಕ್ಕು, ಟ್ಯೂಷನ್ ಮನೆಗಳಿಗೆ ವೆಬ್‌ಸೈಟ್ ಮಾಡಿಕೊಡುವವರು. ಪುಟ ನೋಡಲು ಹೇಗಿರಬೇಕೆಂದು ನಾನು ಡಿಸೈನ್ ಟೂಲಿನಲ್ಲಿ ಬಿಡಿಸುತ್ತೇನೆ. ಅದು ಜನರ ಫೋನಿನಲ್ಲಿ ನಿಜವಾಗಿ ತೆರೆದುಕೊಳ್ಳುವಂತೆ ಅವನು ಕೋಡ್ ಬರೆಯುತ್ತಾನೆ. ಊಟದ ಮೇಜಿನ ಈ ತುದಿಗೆ ನಾನು, ಆ ತುದಿಗೆ ಅವನು, ನಡುವೆ ಮಗಳ ಬಣ್ಣದ ಪೆನ್ಸಿಲ್ಲುಗಳು. ಆ ಟೂಲಿನಲ್ಲಿ ಚಿತ್ರದ ಯಾವ ಮೂಲೆಯನ್ನಾದರೂ ಒತ್ತಿ ಒಂದು ಕಾಮೆಂಟು ಅಂಟಿಸಬಹುದು. ಇನ್ನೊಬ್ಬರು ಅದರ ಕೆಳಗೆ ಉತ್ತರ ಬರೆಯಬಹುದು, ಉತ್ತರಕ್ಕೊಂದು ಉತ್ತರ, ಅದಕ್ಕೊಂದು ಮೂದಲಿಕೆ. ‘ಈ ಬಟನ್ ನಿನ್ನ ಹಟದಷ್ಟು ದೊಡ್ಡದಾಯಿತು’ ಎಂದು ಅವನು ಬರೆದರೆ, ‘ನಿನ್ನ ಕಣ್ಣಿಗೆ ಬೀಳಲಿ ಅಂತಲೇ ದೊಡ್ಡದು ಮಾಡಿದ್ದು’ ಎಂದು ನಾನು. ಮನೆಯೊಳಗೆ ಮಾತ್ರ ಕೀಬೋರ್ಡಿನ ಸದ್ದು. ಮಗಳು ನಮ್ಮನ್ನು ಲೋಕದಲ್ಲೇ ಶಾಂತ ಅಪ್ಪ-ಅಮ್ಮ ಎಂದು ತಿಳಿದು ಹಾಯಾಗಿ ಬೆಳೆಯುತ್ತಿದ್ದಳು.

ಮೊದಮೊದಲು ಕೆಲಸದ ಜಗಳವನ್ನಷ್ಟೇ ಅಲ್ಲಿ ಆಡುತ್ತಿದ್ದೆವು. ಆಮೇಲೆ ಹಾಲು ತರುವುದು ಮರೆತದ್ದು, ಒದ್ದೆ ಟವಲ್ಲನ್ನು ಹಾಸಿಗೆಯ ಮೇಲೆ ಬಿಟ್ಟದ್ದು, ಎಲ್ಲವೂ ಅಲ್ಲೇ ಬಂದು ಸೇರಿಕೊಂಡವು. ಇನ್ನೊಂದು ಅನುಕೂಲವೂ ಇತ್ತು. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಅವರ ಎದುರು ಗಂಡನಿಗೆ ‘ರೀ’ ಎಂದೂ ‘ನೀವು’ ಎಂದೂ ಹೇಳಿ ಅಭ್ಯಾಸವಾಗಿಬಿಟ್ಟಿದೆ. ಕಾಲೇಜಿನಿಂದ ಏಕವಚನದಲ್ಲಿ ಕರೆದವನನ್ನು ಬಹುವಚನದಲ್ಲಿ ಬೈಯುವುದು ಎಷ್ಟು ಕಷ್ಟ ಎಂಬುದು ಬೈದವರಿಗೇ ಗೊತ್ತು. ಕಾಮೆಂಟಿನಲ್ಲಿ ಆ ಕಷ್ಟವಿರಲಿಲ್ಲ.

ಇನ್ನು ಅತ್ತೆಯ ವಿಷಯ. ಅವರು ಕೆಲಸ ಮಾಡಿದಷ್ಟು ಕಾಲ ಶಾಲೆಯ ಬಸ್ಸು ಓಡಿಸಿದವರು. ನಿವೃತ್ತಿಯಾದ ಮೇಲೆ ಸ್ವಲ್ಪ ದಿನ ಬಾಲ್ಕನಿಯಲ್ಲಿ ಕೂತು ಕೆಳಗೆ ಹೋಗುವ ಗಾಡಿಗಳಿಗೆಲ್ಲ ಗೊಣಗುತ್ತಾ ಸೂಚನೆ ಕೊಡುತ್ತಿದ್ದರು. ಇಂಡಿಕೇಟರ್ ಎಲ್ಲಪ್ಪಾ, ಕನ್ನಡಿ ಇರೋದು ತಲೆ ಬಾಚ್ಕೊಳ್ಳೋಕಲ್ಲಮ್ಮಾ, ಹೀಗೆ. ಒಂದು ದಿನ ಪಾರ್ಕಿನಲ್ಲಿ ತಮ್ಮ ಜೊತೆ ನಡೆಯಲು ಬರುವ ಹೆಂಗಸರಲ್ಲಿ ಬಹುಪಾಲು ಜನರಿಗೆ ಲೈಸೆನ್ಸ್ ಇದೆಯೆಂದೂ, ಯಾರೊಬ್ಬರೂ ಗಾಡಿ ಮುಟ್ಟುವುದಿಲ್ಲವೆಂದೂ ಅವರಿಗೆ ತಿಳಿಯಿತು. ಲೈಸೆನ್ಸು ಪರ್ಸಿನಲ್ಲಿ, ಭಯ ಎದೆಯಲ್ಲಿ. ಕಲಿಯದವರಿಗೆ ಶಾಲೆಗಳಿವೆ, ಕಲಿತೂ ಹೆದರುವವರಿಗೆ ಯಾರಿದ್ದಾರೆ ಎಂದು ಅತ್ತೆ ಊಟಕ್ಕೆ ಕೂತಾಗಲೆಲ್ಲ ಕೇಳತೊಡಗಿದರು. ಉತ್ತರವನ್ನು ಅವರೇ ಕೊಟ್ಟುಕೊಂಡರು. ಗ್ಯಾರೇಜಿನವನಿಂದ ಹಳೆಯದೊಂದು ಕಾರು ತಂದರು. ಎಡಗಡೆಯ ಸೀಟಿನ ಮುಂದೆಯೂ ಒಂದು ಬ್ರೇಕು, ಕಲಿಸುವವರ ಕಾಲಿಗೆ. ಬೇಕಾದ ಪರವಾನಗಿಯನ್ನೆಲ್ಲ ತಾವೇ ಓಡಾಡಿ ಪಡೆದರು.

ನನ್ನ ಗಂಡನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಈ ವಯಸ್ಸಿನಲ್ಲಿ ಹೆದರುವವರ ಪಕ್ಕ ಕೂತು ಬೀದಿ ಬೀದಿ ಸುತ್ತುವುದು ಯಾಕೆ ಎಂಬುದು ಅವನ ವಾದ. ಅತ್ತೆಯದು, ಈ ವಯಸ್ಸಿನಲ್ಲಿ ಬಾಲ್ಕನಿಯಲ್ಲಿ ಕೂತು ಮಾಡುವುದೇನು ಎಂದು. ಕೊನೆಗೆ ತಾಯಿ-ಮಗ ರಾಜಿಯಾದರು. ತಿಂಗಳ ಕೊನೆಯೊಳಗೆ ಒಬ್ಬರಾದರೂ ಕಲಿಯಲು ಬರಬೇಕು. ಬರದಿದ್ದರೆ ಕಾರು ಮರಳಿ ಗ್ಯಾರೇಜಿಗೆ, ಅತ್ತೆ ಮರಳಿ ಬಾಲ್ಕನಿಗೆ. ಅತ್ತೆ ತಕ್ಷಣ ಒಪ್ಪಿದರು. ಪಾರ್ಕಿನಲ್ಲಿ ಎಲ್ಲರೂ ‘ಖಂಡಿತ ಬರ್ತೀವಿ’ ಎಂದಿದ್ದರಂತೆ. ತಿಂಗಳು ಮುಗಿಯುತ್ತಾ ಬಂದಂತೆ ಆ ‘ಖಂಡಿತ’ ಹೋಗಿ ‘ನೋಡೋಣ’ ಆಯಿತು, ‘ನೋಡೋಣ’ ಹೋಗಿ ಅತ್ತೆಯನ್ನು ಕಂಡರೆ ಬೇರೆ ದಾರಿಯಲ್ಲಿ ನಡೆಯುವುದಾಯಿತು. ಅತ್ತೆ ದಿನವೂ ಕಾರು ಒರೆಸಿ, ಎಡಗಡೆಯ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತು, ಬರುತ್ತಿದ್ದರು. ಎಡಗಡೆ ಕೂರುವುದು ಅಭ್ಯಾಸವಾಗಬೇಕಲ್ಲ ಎಂಬುದು ಅವರು ಕೊಡುತ್ತಿದ್ದ ಕಾರಣ.

ಅವರಿಗೊಂದು ಚೆಂದದ ವೆಬ್‌ಸೈಟ್ ಮಾಡಿಕೊಡೋಣ, ಪಾರ್ಕಿನಾಚೆಯ ಜನಕ್ಕೂ ಗೊತ್ತಾಗಲಿ ಎಂದು ನಾನೇ ಹಟ ಹಿಡಿದೆ. ಗಿರಾಕಿಗಳ ಕೆಲಸದ ನಡುವೆ, ಮಗಳ ಹೋಮ್‌ವರ್ಕಿನ ನಡುವೆ, ಅನ್ನಕ್ಕಿಟ್ಟ ಕುಕ್ಕರು ಕೂಗುವುದರ ನಡುವೆ ಸ್ವಲ್ಪಸ್ವಲ್ಪವಾಗಿ ಬಿಡಿಸಿದೆ. ಬೂದು ರಸ್ತೆಯ ಬಣ್ಣ, ಅದರ ಮೇಲೆ ಹಳದಿ ಗೆರೆ, ಪುಟದ ಉದ್ದಕ್ಕೂ ಧಾರಾಳವಾಗಿ ಖಾಲಿ ಜಾಗ. ಹೆದರಿದವರ ಕಣ್ಣಿಗೆ ಉಸಿರಾಡಲು ಜಾಗ ಬೇಕು ಎಂದು ನನ್ನ ಲೆಕ್ಕ. ಗಂಡ ಒಂದು ಕಡೆಯಿಂದ ಕಾಮೆಂಟು ಅಂಟಿಸುತ್ತಾ ಬಂದ. ಇಷ್ಟು ಖಾಲಿ ಜಾಗ ಯಾರಿಗೆ, ಆಟದ ಮೈದಾನವೇ? ‘ತಾಯಿಯಂಥ ತಾಳ್ಮೆಯಿಂದ ಕಲಿಸಲಾಗುತ್ತದೆ’ ಎಂದು ನಾನು ಬರೆದ ಸಾಲಿನ ಮೇಲಂತೂ ದೊಡ್ಡ ಯುದ್ಧವೇ ನಡೆಯಿತು. ಕೆಳಗೆ ‘ಕಲಿತವರ ಮಾತು’ ಎಂಬ ಚೌಕವೊಂದನ್ನು ಬಿಡಿಸಿದ್ದೆ, ಅದು ಖಾಲಿಯೇ ಉಳಿದಿತ್ತು. ಕಲಿತವರು ಇದ್ದರಲ್ಲವೇ ಮಾತು?

ಬಿಡಿಸಿ ಮುಗಿಸಿದರೂ ಕೋಡ್ ಬರೆಯಲು ಅವನಿಗೆ ಪುರುಸೊತ್ತಿರಲಿಲ್ಲ. ಪೀಠೋಪಕರಣದ ಅಂಗಡಿಯವರೊಬ್ಬರು ಅವನ ಪ್ರಾಣ ತೆಗೆಯುತ್ತಿದ್ದರು. ಅಷ್ಟರಲ್ಲಿ ನಮ್ಮ ಡಿಸೈನ್ ಟೂಲಿನವರು ಹೊಸದೊಂದು ಬಾಗಿಲು ತೆರೆದರು. ಕೋಡ್ ಬರೆಯುವ ಎಐ ಸಹಾಯಕ ಅವನ ಕಂಪ್ಯೂಟರಿನಲ್ಲಿ ಮೊದಲಿನಿಂದಲೂ ಇತ್ತು, ಆದರೆ ಅದಕ್ಕೆ ನನ್ನ ಚಿತ್ರ ಕಾಣುತ್ತಿರಲಿಲ್ಲ. ನಾವು ಚಿತ್ರದ ಫೋಟೋ ತೆಗೆದು ಅದರ ಮುಂದೆ ಹಿಡಿಯಬೇಕು, ಅದು ಕಣ್ಣಳತೆಯಲ್ಲಿ ಊಹಿಸಿ ಬರೆಯಬೇಕು. ಊಹೆಯಲ್ಲಿ ನನ್ನ ಹಳದಿ ಕಿತ್ತಳೆಯಾಗುತ್ತಿತ್ತು. ಈಗ ಹಾಗಲ್ಲ. ಟೂಲಿನ ಸೆಟ್ಟಿಂಗ್ಸಿನಲ್ಲಿ ಪಾಸ್‌ವರ್ಡಿನಂಥ ಒಂದು ಕೀಲಿ ಸಿಗುತ್ತದೆ, ಅದನ್ನು ಸಹಾಯಕನಿಗೆ ಕೊಟ್ಟರೆ ಆಯಿತು. ಅದು ನೇರವಾಗಿ ನಮ್ಮ ಫೈಲಿನೊಳಗೆ ಬಂದು ಯಾವ ಬಣ್ಣ, ಯಾವ ಅಕ್ಷರ, ಎಷ್ಟು ಜಾಗ ಎಂದು ತಾನೇ ಓದಿಕೊಂಡು ಕೋಡ್ ಬರೆಯುತ್ತದೆ.

ಶನಿವಾರ ಬೆಳಗ್ಗೆ ಅವನು ಆ ಸಂಪರ್ಕ ಕೊಟ್ಟ. ಮೊದಲ ಸಲ ಕೀಲಿ ತಿರುಗಲಿಲ್ಲ, ಎರಡನೆಯ ಸಲ ಬಾಗಿಲು ತೆರೆಯಿತು, ಸಹಾಯಕ ಒಳಗೆ ಬಂದು ಫೈಲಿನ ಹೆಸರು ಹೇಳಿತು. ಇಬ್ಬರೂ ಕೈ ಕೈ ತಟ್ಟಿದೆವು. ‘ಯಾರು ಬಂದ್ರು?’ ಎಂದು ಮಗಳು ಓಡಿ ಬಂದಳು. ಮಾತಾಡುವ ಯಂತ್ರಗಳೆಲ್ಲ ಅವಳಿಗೆ ಮಾಮಂದಿರೇ, ಇದಕ್ಕೂ ‘ಕೋಡ್ ಮಾಮ’ ಎಂದು ಹೆಸರಾಯಿತು. ಗಂಡ ಅದಕ್ಕೆ ಒಂದೇ ಒಂದು ಅಪ್ಪಣೆ ಕೊಟ್ಟ. ಫೈಲಿನಲ್ಲಿರುವುದನ್ನೆಲ್ಲ ಓದು, ಅಲ್ಲಿ ಹೇಳಿದ ಹಾಗೆ ಪುಟ ಕಟ್ಟು, ಮುಗಿದ ಮೇಲೆ ನಾವಷ್ಟೇ ನೋಡುವ ಪರೀಕ್ಷೆಯ ಲಿಂಕಿಗೆ ಹಾಕು. ಅಷ್ಟು ಹೇಳಿ ಅವನು ಪೀಠೋಪಕರಣದವರ ಫೋನಿಗೆ ಕಿವಿ ಕೊಟ್ಟ. ನಾನು ಮಗಳಿಗೆ ಶೂ ಕೊಡಿಸಲು ಹೊರಟೆ. ಮಕ್ಕಳ ಕಾಲು ಬೆಳೆಯುವುದು ಶನಿವಾರಕ್ಕಾಗಿ ಕಾಯುತ್ತದೆಯೇನೋ, ನಮ್ಮ ಮನೆಯಲ್ಲಂತೂ ಹಾಗೇ.

ಅಂಗಡಿಯಲ್ಲಿ ಮಗಳು ಮಿಣಮಿಣ ಎನ್ನುವ ಶೂ ಬೇಕೆಂದು ನೆಲದ ಮೇಲೆ ಕೂತಿದ್ದಾಗ ಗಂಡನ ಮೆಸೇಜು ಬಂತು. ಮುಗಿಯಿತಂತೆ, ನೋಡು. ಅಲ್ಲೇ ನಿಂತು ಲಿಂಕ್ ತೆರೆದೆ.

ಏನು ಹೇಳಲಿ. ಇಷ್ಟು ವರ್ಷ ನಾನು ಬಿಡಿಸಿದ್ದೊಂದು, ಲೋಕ ಕಂಡದ್ದು ಅದರ ದಾಯಾದಿ. ನನ್ನ ಖಾಲಿ ಜಾಗಗಳನ್ನು ಗಂಡ ಮನೆ ಗುಡಿಸಿದಂತೆ ಗುಡಿಸಿಹಾಕುತ್ತಿದ್ದ. ಈ ಸಲ ಫೋನಿನಲ್ಲಿ ತೆರೆದದ್ದು ನನ್ನ ಪುಟ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹಳದಿ ಹಳದಿಯಾಗಿಯೇ ಇತ್ತು. ಗೆರೆ ನಾನು ತಿರುಗಿಸಿದ ಕಡೆಯೇ ತಿರುಗಿತ್ತು. ಶೂ ಅಂಗಡಿಯವನು ‘ಏನಾಯ್ತು ಮೇಡಂ?’ ಎಂದು ಕೇಳಿದ. ಏನಿಲ್ಲ, ಜಾಗ ಬಿಟ್ಟ ಕಡೆ ಜಾಗ ಇದೆ ಎಂದೆ. ಅವನು ತಲೆಯಾಡಿಸಿ ದೊಡ್ಡ ಸೈಜಿನ ಶೂ ತರಲು ಹೋದ. ಮಗಳಿಗೆ ಮಿಣಮಿಣ ಎನ್ನುವುದನ್ನೇ ಕೊಡಿಸಿಬಿಟ್ಟೆ.

ಆ ಸಂತೋಷದಲ್ಲಿ ಪುಟವನ್ನು ಕೆಳಗಿನವರೆಗೆ ಸರಿಸಿ ನೋಡಲೇ ಇಲ್ಲ.

ಮನೆಗೆ ಬಂದಾಗ ಗಂಡ ಮೇಜಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಪರದೆಯ ಮೇಲೆ ಸಹಾಯಕನ ವರದಿ. ಫೈಲಿನಲ್ಲಿರುವುದನ್ನೆಲ್ಲ ಓದು ಎಂದಿದ್ದನಲ್ಲ, ಅದು ಕಾಮೆಂಟುಗಳನ್ನೂ ಓದಿತ್ತು. ಒಂದನ್ನೂ ಬಿಟ್ಟಿರಲಿಲ್ಲ. ಪ್ರತಿಯೊಂದನ್ನೂ ಗಿರಾಕಿಯ ಸೂಚನೆಯೆಂದು ತಿಳಿದು, ಪಾಲಿಸಬಹುದಾದದ್ದನ್ನು ಪಾಲಿಸಿ, ಒಂದೊಂದರ ಕೆಳಗೂ ವಿನಯದಿಂದ ಉತ್ತರ ಬರೆದಿತ್ತು.

ಬಟನ್ನಿನ ಮೇಲೆ: ‘ಹಟದ ಅಳತೆ ಈ ಫೈಲಿನಲ್ಲಿ ಸಿಗಲಿಲ್ಲ. ಬಟನ್ ಅನ್ನು ಸದ್ಯಕ್ಕೆ ಇದ್ದಂತೆಯೇ ಬಿಟ್ಟಿದ್ದೇನೆ.’

ಹಳದಿ ಗೆರೆಯ ಮೇಲೆ ನಾನು ಅಂಟಿಸಿದ್ದ, ಹಾಲು ತರೋಕೆ ನಿನಗೇನು ಧಾಡಿ ಎಂಬುದರ ಕೆಳಗೆ: ‘ಇದು ನನ್ನಿಂದ ಆಗುವ ಕೆಲಸವಲ್ಲ. ಬಾಕಿ ಇರಿಸಿದ್ದೇನೆ.’

ಎಲ್ಲಕ್ಕಿಂತ ಕೆಳಗೆ: ‘ಇಬ್ಬರ ಸೂಚನೆಗಳು ಒಂದಕ್ಕೊಂದು ವಿರುದ್ಧವಾಗಿದ್ದ ಕಡೆ, ಕೊನೆಯಲ್ಲಿ ಬರೆದವರ ಮಾತನ್ನು ನಡೆಸಿದ್ದೇನೆ.’

‘ಕೊನೇ ಮಾತು ಯಾವಾಗ್ಲೂ ನಿಂದೇ ಅಲ್ವಾ’ ಎಂದ ಗಂಡ. ‘ಬಂದು ಅರ್ಧ ದಿನ ಆಗಿಲ್ಲ, ಮನೆ ಕಾನೂನು ಕಲ್ತುಬಿಟ್ಟಿದೆ.’

ನನಗೆ ನಗು ತಡೆಯಲಾಗಲಿಲ್ಲ. ಅವನು ಮಾತ್ರ ನಗಲಿಲ್ಲ. ಪುಟವನ್ನು ಕೆಳಗೆ ಸರಿಸಿ ತೋರಿಸಿದ. ‘ತಾಯಿಯಂಥ ತಾಳ್ಮೆ’ ಸಾಲು ಮಾಯವಾಗಿತ್ತು. ಖಾಲಿಯಿದ್ದ ‘ಕಲಿತವರ ಮಾತು’ ಚೌಕ ತುಂಬಿತ್ತು. ಆ ಸಾಲಿನ ಮೇಲೆ ನಡೆದ ಯುದ್ಧದಲ್ಲಿ ಅವನು ಬರೆದದ್ದು, ಚೆಂದದ ಅಕ್ಷರಗಳಲ್ಲಿ, ನಾನು ಆರಿಸಿದ ಬಣ್ಣದಲ್ಲಿ, ಹೀಗಿತ್ತು:

‘ಯಾರ ತಾಯಿ? ನನ್ನ ತಾಯಿಯಂತೂ ಅಲ್ಲ. ಅವಳಿಗೆ ತಾಳ್ಮೆ ಇಲ್ಲ, ಬೈತಾಳೆ. ಆದ್ರೆ ಗಾಡಿ ಓಡುವಾಗ ಬೈಯಲ್ಲ, ನಿಲ್ಲಿಸಿದ ಮೇಲೆ ಬೈತಾಳೆ. ಒಂದ್ಸಲ ನಾನು ದೊಡ್ಡ ರಸ್ತೆ ಮಧ್ಯೆ ಗಾಡಿ ಆಫ್ ಮಾಡ್ಕೊಂಡು ಅತ್ತುಬಿಟ್ಟೆ. ಹಿಂದೆ ಎಲ್ಲಾ ಹಾರ್ನು. ಅವಳು ಒಂದು ಮಾತೂ ಆಡಲಿಲ್ಲ, ನಾನು ಅತ್ತು ಮುಗಿಸೋ ತನಕ ಕಿಟಕಿ ಆಚೆ ನೋಡ್ತಾ ಕೂತಿದ್ದಳು. ಯಾರೋ ಬಂದು ಗಾಜು ತಟ್ಟಿದ್ರೆ, ಅವನಿಗೆ ಸ್ವಲ್ಪ ಕೆಲಸ ಇದೆ, ನೀವು ಸುತ್ತಿಕೊಂಡು ಹೋಗಿ ಅಂದಳು. ಇದಕ್ಕೆ ತಾಳ್ಮೆ ಅನ್ನಲ್ಲ. ಏನಂತಾರೋ ನನಗೂ ಗೊತ್ತಿಲ್ಲ.’

ಅದರ ಕೆಳಗೆ ಸಹಿಯಂತೆ: ‘ಶಿಕ್ಷಕಿಯ ಮಗ’.

ಈ ಕಾಮೆಂಟಿಗೆ ನಾನು ಕೊಟ್ಟ ಉತ್ತರ ನೆನಪಾಯಿತು. ಹಾಗಾದ್ರೆ ಇದನ್ನೇ ಹಾಕು, ನನ್ನ ತಲೆ ತಿನ್ನಬೇಡ ಎಂದಿದ್ದೆ. ಸಹಾಯಕ ನನ್ನ ಮೊದಲರ್ಧ ಮಾತನ್ನು ಚಾಚೂ ತಪ್ಪದೆ ನಡೆಸಿತ್ತು. ಉಳಿದರ್ಧಕ್ಕೆ, ತಲೆಯ ವಿಷಯ ತನಗೆ ಅನ್ವಯಿಸುವುದಿಲ್ಲವೆಂದು ಭಾವಿಸಿರುವುದಾಗಿ ಬರೆದಿತ್ತು.

ಈಗಲೇ ತೆಗೆದುಹಾಕು ಎಂದೆ. ಅದನ್ನೇ ಮಾಡ್ತಿದ್ದೀನಿ ಎಂದ. ಆಗ ಒಳಗಿನ ಕೋಣೆಯಿಂದ ಅತ್ತೆ ಫೋನು ಹಿಡಿದು ಬಂದರು. ಪರೀಕ್ಷೆಯ ಲಿಂಕನ್ನು ಅವರಿಗೆ ಕೊಟ್ಟದ್ದು ಗಂಡನೇ. ಮನೆ ಕಟ್ಟುವಾಗ ಮಾಲೀಕರು ಬಂದು ನೋಡುವುದಿಲ್ಲವೇ, ಹಾಗೆ ಆಗಾಗ ನೋಡುತ್ತಿರಲಿ ಎಂದು. ಪರೀಕ್ಷೆಯದು ಎಂದರೆ ಯಾರಿಗೂ ತೋರಿಸಬಾರದ್ದು ಎಂದು ಹೇಳುವುದನ್ನು ಮರೆತಿದ್ದ. ಅತ್ತೆ ಬೆಳಗಿನಿಂದ ತೆರೆಯುತ್ತಾ ಮುಚ್ಚುತ್ತಾ ಇದ್ದವರು, ಮೇಲಿನ ರಸ್ತೆ, ಹಳದಿ ಗೆರೆ, ತಮ್ಮ ಹೆಸರು ಕಂಡ ಕೂಡಲೇ ಉಬ್ಬಿಹೋಗಿ ಪಾರ್ಕಿನ ಗುಂಪಿಗೆಲ್ಲ ಕಳಿಸಿಬಿಟ್ಟಿದ್ದರು. ಕೆಳಗೆ ಓದಿದ್ದು ಆಮೇಲೆ.

ಅವರು ನಮ್ಮಿಬ್ಬರ ಬೆನ್ನ ಹಿಂದೆ ನಿಂತು ಪರದೆ ನೋಡಿದರು. ಎಲ್ಲ ಕಾಮೆಂಟುಗಳೂ ತೆರೆದೇ ಇದ್ದವು. ಬಹಳ ಹೊತ್ತು ಓದಿದರು. ಗಂಡನ ಕಿವಿ ಕೆಂಪಾಗಿತ್ತು. ಅತ್ತೆ ಕೊನೆಗೆ ನನ್ನ ಕಡೆ ತಿರುಗಿ, ‘ನೀನು ಇವನಿಗೆ ಬರೆಯೋದೆಲ್ಲ ಏಕವಚನದಲ್ಲೇನಮ್ಮಾ?’ ಎಂದು ಕೇಳಿದರು. ನನ್ನ ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಬಾಲ್ಕನಿಯಿಂದ ಬಗ್ಗಿ ನೋಡಿದೆವು. ಅತ್ತೆ ಕಾರಿನ ಎಡಗಡೆಯ ಸೀಟಿನಲ್ಲಿ ಕೂತಿದ್ದರು. ಬಾಗಿಲು ತೆರೆದೇ ಇತ್ತು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

ಅಮ್ಮನಿಗೆ ಬೇಜಾರಾಯಿತು ಎಂದ ಗಂಡ. ನನಗೂ ಹಾಗೇ ಅನ್ನಿಸಿತು. ಒಬ್ಬರಾದರೂ ಬರಲಿ ಎಂದು ಇಡೀ ತಿಂಗಳು ಕಾದವರು, ಕೊನೆಗೆ ತಮ್ಮ ಶಾಲೆಯ ಬಾಗಿಲಲ್ಲಿ ತಮ್ಮ ಮಗನೇ ‘ಇವಳಿಗೆ ತಾಳ್ಮೆ ಇಲ್ಲ, ಬೈಯುತ್ತಾಳೆ’ ಎಂದು ಬೋರ್ಡು ತೂಗುಹಾಕಿದ್ದನ್ನು ಓದಬೇಕಾಯಿತು. ಪಾರ್ಕಿನವರೆಲ್ಲ ಅದನ್ನು ಓದಿಯಾಗಿತ್ತು. ಇನ್ನು ಯಾರು ಬಂದಾರು? ಮೂವರೂ ಕೆಳಗಿಳಿದೆವು. ಮಗಳ ಶೂ ಮೆಟ್ಟಿಲ ಮೇಲೆಲ್ಲ ಮಿಣಮಿಣ ಎನ್ನುತ್ತಿತ್ತು.

ಗಂಡ ಹೋಗಿ ಸ್ಟೇರಿಂಗಿನ ಮುಂದೆ ಕೂತ. ನಾನೂ ಮಗಳೂ ಹಿಂದಿನ ಸೀಟಿಗೆ. ಅವನು ಅದು ಗಂಡ-ಹೆಂಡಿರ ನಡುವಿನ ಮಾತೆಂದೂ, ಯಂತ್ರಕ್ಕೆ ತಿಳಿಯದೆ ಹಾಗಾಯಿತೆಂದೂ, ತೆಗೆದುಹಾಕಿದ್ದಾಗಿದೆಯೆಂದೂ, ಬೇಕಿದ್ದರೆ ಗುಂಪಿಗೆಲ್ಲ ತಾನೇ ಫೋನ್ ಮಾಡಿ ಹೇಳುವೆನೆಂದೂ ಒಂದೇ ಉಸಿರಿಗೆ ಒದರಿದ. ಅತ್ತೆ ಮುಂದಿನ ಗಾಜಿನ ಮೂಲಕ ಗೋಡೆಯನ್ನೇ ನೋಡುತ್ತಿದ್ದರು.

‘ಆವತ್ತು ನಾನು ಸುಮ್ನೆ ಕೂತಿದ್ದೆ ಅಂತ ಬರ್ದಿದ್ದೀಯಲ್ಲ’ ಎಂದರು.

‘ಹೌದಮ್ಮ. ಅದನ್ನ ಒಳ್ಳೇದು ಅಂತಾನೇ ಬರ್ದಿದ್ದು. ನೀನು ಬೈದಿದ್ರೆ ನಾನು ಜನ್ಮದಲ್ಲಿ ಸ್ಟೇರಿಂಗ್ ಮುಟ್ತಿರ್ಲಿಲ್ಲ.’

‘ಕಿಟಕಿ ಆಚೆ ನೋಡ್ತಿದ್ದೆ ಅಂತಾನೂ ಬರ್ದಿದ್ದೀಯ.’

‘ಹೂಂ.’

‘ಯಾಕೆ ನೋಡ್ತಿದ್ದೆ ಗೊತ್ತಾ?’

ಅತ್ತೆಯ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ತಿಳಿದು ನಾನು ಹಿಂದಿನಿಂದ ಅವರ ಹೆಗಲ ಮೇಲೆ ಕೈಯಿಟ್ಟೆ.

‘ನಗು ಬಂದುಬಿಟ್ಟಿತ್ತು ಕಣೋ’ ಎಂದರು ಅತ್ತೆ, ಉಸಿರು ಸಿಕ್ಕಿದಾಗ. ‘ನೀನು ಅಳೋವಾಗ ಮೂತಿ ಹೇಗ್ ಮಾಡ್ತೀಯ ಅಂತ ನಿಂಗೆ ಗೊತ್ತಿಲ್ಲ. ಹುಟ್ಟಿದಾಗಿಂದ ಹಾಗೇ. ಆವತ್ತು ನಿನ್ನ ಕಡೆ ತಿರುಗಿದ್ರೆ ಮುಗೀತು. ಅದಕ್ಕೆ ಆಚೆ ಆಚೆ ನೋಡ್ತಾ, ಸತ್ತವರನ್ನೆಲ್ಲ ನೆನೆಸ್ಕೊಂಡು, ಹೇಗೋ ತಡ್ಕೊಂಡೆ.’

ಗಂಡ ಆ ಘಟನೆಯನ್ನು ನನಗೆ ಎಷ್ಟು ಸಲ ಹೇಳಿದ್ದಾನೋ. ಪ್ರತಿ ಸಲವೂ ಕೊನೆಗೆ ದನಿ ಗದ್ಗದವಾಗುತ್ತಿತ್ತು. ಈಗ ಅವನು ತಾಯಿಯ ಮುಖ ನೋಡಿದ, ಹಿಂದೆ ತಿರುಗಿ ನನ್ನ ಮುಖ ನೋಡಿದ. ಅವನ ಮೂತಿ ಅತ್ತೆ ಹೇಳಿದ ಹಾಗೇ ಆಗತೊಡಗಿತ್ತು. ಅಷ್ಟೇ, ನನಗೆ ತಡೆಯಲಾಗಲಿಲ್ಲ. ಅತ್ತೆಗೂ ಆಗಲಿಲ್ಲ. ಏನೆಂದು ತಿಳಿಯದಿದ್ದರೂ ಮಗಳೂ ನಕ್ಕಳು. ಕೊನೆಗೆ ಅವನೂ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. ಹಣೆ ಹಾರ್ನಿಗೆ ತಾಗಿ ಅದು ಉದ್ದಕ್ಕೆ ಕೂಗಿತು, ಎದುರಿನ ಮನೆಯವರು ಕಿಟಕಿ ತೆರೆದರು.

ನಕ್ಕು ನಕ್ಕು ಸುಸ್ತಾದ ಮೇಲೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಬೇಜಾರೇನೂ ಇಲ್ಲ, ಬರೆದದ್ದರಲ್ಲಿ ಸುಳ್ಳೇನಿದೆ ಎಂದರು. ತಮಗೆ ತಾಳ್ಮೆ ಇಲ್ಲದಿರುವುದು ಶಾಲೆಯ ಬಸ್ಸಿನಲ್ಲಿ ಕೂತ ಮಕ್ಕಳಿಗೆಲ್ಲ ಗೊತ್ತಿದೆಯಂತೆ. ಆದರೆ ತಿಂಗಳು ಮುಗಿಯುತ್ತಾ ಬಂತು, ಮಾತು ಮಾತೇ, ಸೋಮವಾರ ಗ್ಯಾರೇಜಿನವನಿಗೆ ಹೇಳಿಬಿಡು ಎಂದರು. ನಗುತ್ತಲೇ ಹೇಳಿದರು. ಬಲಗಾಲು ಮಾತ್ರ ಕೆಳಗಿದ್ದ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಬಿಡುತ್ತಾ ಇತ್ತು. ಮಾತು ಕೊಡಿಸಿಕೊಂಡವನು ಗಂಡನೇ, ಹಿಂದಕ್ಕೆ ಪಡೆಯಲು ಅವನಿಗೆ ದಾರಿ ತಿಳಿಯುತ್ತಿರಲಿಲ್ಲ.

ಅತ್ತೆಯ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಅವರು ಸ್ಪೀಕರಿಗೆ ಹಾಕಿ ಹಲೋ ಎಂದರು. ಆ ಕಡೆ ಒಂದು ಹೆಣ್ಣು ದನಿ, ಬಹಳ ಮೆಲ್ಲಗೆ, ಕಾರು ಕಲಿಸುವವರು ಇವರೇನಾ ಎಂದು ಕೇಳಿತು. ಗಂಡ ಥಟ್ಟನೆ ತನ್ನ ಕೆನ್ನೆಗೆ ಕೈಯಿಟ್ಟುಕೊಂಡ. ಆ ದನಿ ಅವನ ದವಡೆಗೆ ಗೊತ್ತಿತ್ತು. ಬೀದಿಯ ತಿರುವಿನಲ್ಲಿರುವ ಹಲ್ಲಿನ ಡಾಕ್ಟರು. ಇದೇನು ನೋವಲ್ಲ, ಬಾಯಿ ತೆರೀರಿ ಎಂದು ನಮ್ಮ ಬಡಾವಣೆಯ ಗಂಡಸರನ್ನೆಲ್ಲ ಅಳಿಸಿದವರು. ಅವರ ಅಮ್ಮ ಪಾರ್ಕಿನ ಗುಂಪಿನಲ್ಲಿದ್ದಾರೆ, ಲಿಂಕು ಹಾಗೆ ಅವರಿಗೆ ತಲುಪಿತ್ತು.

ಡಾಕ್ಟರು ತಮಗೆ ಲೈಸೆನ್ಸ್ ಇದೆಯೆಂದರು. ಕಾರೂ ಇದೆ, ಕ್ಲಿನಿಕ್ಕಿನ ಹಿಂದೆ ಬಟ್ಟೆ ಹೊದ್ದು ನಿಂತಿದೆ, ತಾವು ನಡೆದುಕೊಂಡೇ ಓಡಾಡುವುದು ಎಂದರು. ಬೇರೆ ಕಡೆ ಎರಡು ಸಲ ಸೇರಿ ಬಿಟ್ಟದ್ದಾಯಿತಂತೆ. ಎಲ್ಲರೂ ತಾಳ್ಮೆಯಿಂದ ಕಲಿಸುತ್ತೇವೆ ಎಂದೇ ಹೇಳಿಕೊಳ್ಳುತ್ತಾರಂತೆ.

‘ಒಂದು ವಿಷಯ ಕೇಳ್ಬೇಕಿತ್ತು’ ಎಂದರು ಡಾಕ್ಟರು. ‘ಆ ಮಗ ಅಂತ ಒಬ್ರು ಬರೆದಿದ್ದಾರಲ್ಲ. ನಿಮ್ಮಲ್ಲಿ ಅಳಬಹುದಾ?’

ಅತ್ತೆ ಎದುರಿಗೆ ಗಿರಾಕಿ ಕೂತಿರುವಂತೆ ಸೆರಗು ಸರಿಮಾಡಿಕೊಂಡರು.

‘ಧಾರಾಳವಾಗಿ ಅಳಿ ಡಾಕ್ಟ್ರೇ’ ಎಂದರು. ‘ಆದ್ರೆ ಬ್ರೇಕ್ ಮೇಲೆ ಕಾಲಿಟ್ಕೊಂಡು ಅಳಬೇಕು. ನೀವು ಮರೆತ್ರೆ ನನ್ನ ಕಡೆ ಇನ್ನೊಂದು ಬ್ರೇಕ್ ಇದೆ.’

ಆ ಕಡೆಯಿಂದ ಬಂದದ್ದು ನಗುವೋ ಮತ್ತೇನೋ, ಸರಿಯಾಗಿ ಕೇಳಿಸಲಿಲ್ಲ. ನಾಳೆ ಭಾನುವಾರ ಕ್ಲಿನಿಕ್ಕಿಗೆ ರಜ, ಬೆಳಗ್ಗೆಯೇ ಬರಲೇ ಎಂದರು. ಅತ್ತೆ ಫೋನಿಟ್ಟು, ಮಗನ ಕಡೆ ನೋಡದೆ, ಹಿಂದಿನ ಗಾಜು ಒರೆಸಿಲ್ಲ, ಬಟ್ಟೆ ತಗೊಂಡು ಬಾ ಎಂದರು. ಅವನು ಓಡಿದ. ಗಾಜನ್ನಷ್ಟೇ ಅಲ್ಲ, ಚಕ್ರಗಳನ್ನೂ ತಿಕ್ಕಿ ತೊಳೆದ. ಪೀಠೋಪಕರಣದವರು ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ.

ಆ ಸಂಜೆ ತೆಗೆದುಹಾಕಿದ್ದನ್ನು ಮರಳಿ ಹಾಕಿದೆವು. ಪರೀಕ್ಷೆಯ ಲಿಂಕಿನಿಂದ ಎತ್ತಿ ಎಲ್ಲರಿಗೂ ಕಾಣುವ ಕಡೆಯೇ ಇಟ್ಟೆವು. ನಗುವಿನ ವಿಷಯ ಮಾತ್ರ ಬರೆಯಕೂಡದೆಂದು ಅತ್ತೆಯ ಅಪ್ಪಣೆಯಾಯಿತು. ಅದು ಗೊತ್ತಾದರೆ ಯಾರೂ ನೆಮ್ಮದಿಯಾಗಿ ಅಳುವುದಿಲ್ಲವಂತೆ. ಸಹಾಯಕನಿಗೂ ಒಂದು ಗಡಿ ಹಾಕಿದೆವು. ‘ಮಾಮ’ ಎಂದು ಶುರುವಾಗುವ ಕಾಮೆಂಟು ಮಾತ್ರ ಅದಕ್ಕೆ, ಉಳಿದದ್ದು ಸಂಸಾರದ್ದು, ಅದನ್ನು ಓದಿದರೂ ಓದದ ಹಾಗಿರಬೇಕು. ಅದು ‘ಸರಿ’ ಎಂದಿತು. ಹಾಲಿನ ಕೆಲಸ ಇನ್ನೂ ಬಾಕಿ ಇದೆಯೆಂದು ನೆನಪಿಸಿ ಸುಮ್ಮನಾಯಿತು. ಗಂಡ ಎದ್ದು ಹೋಗಿ ಹಾಲು ತಂದ.

ಭಾನುವಾರ ಡಾಕ್ಟರು ಬಂದರು. ಬಾಯಿ ತೆರೀರಿ ಎನ್ನುವಾಗ ಬೆಟ್ಟದಂತೆ ಕಾಣುತ್ತಿದ್ದವರು ಸ್ಟೇರಿಂಗಿನ ಹಿಂದೆ ಪುಟ್ಟದಾಗಿ ಕಂಡರು. ನಾವು ಮೂವರೂ ಗೇಟಿನ ಒಳಗೆ ನಿಂತಿದ್ದೆವು. ಅತ್ತೆ ಎಡಗಡೆ ಕೂತು ಬೆಲ್ಟು ಹಾಕಿಕೊಂಡು, ಮೊದಲು ಕನ್ನಡಿ, ಆಮೇಲೆ ಉಸಿರು, ಆಮೇಲೆ ಕ್ಲಚ್ಚು ಎಂದರು. ಕಾರು ಒಮ್ಮೆ ಕುಪ್ಪಳಿಸಿ ನಿಂತಿತು. ಮತ್ತೊಮ್ಮೆ ಕುಪ್ಪಳಿಸಿತು. ಆಮೇಲೆ ನಿದ್ದೆಯಿಂದ ಎದ್ದ ಹಸುವಿನಂತೆ ನಿಧಾನವಾಗಿ ಹೊರಟಿತು. ನಾಯಿ ಹಿಡಿದುಕೊಂಡು ಹೋಗುತ್ತಿದ್ದವರೊಬ್ಬರು ಅದನ್ನು ದಾಟಿ ಮುಂದೆ ಹೋದರು. ಸೈಕಲ್ಲಿನ ಬೆಲ್ ಹೊಡೆಯುತ್ತಾ ಪೇಪರಿನವನು ದಾಟಿದ. ಹಿಂದೆ ಬಂದ ಆಟೋದವನು ಹಾರ್ನ್ ಹೊಡೆದದ್ದಕ್ಕೆ ಎಡಗಡೆಯ ಕಿಟಕಿಯಿಂದ ಅತ್ತೆಯ ಕೈ ಹೊರಬಂದು, ಸುತ್ತಿಕೊಂಡು ಹೋಗಪ್ಪಾ ಎಂಬಂತೆ ಒಂದು ಬೀಸು ಬೀಸಿತು. ಕಾರು ತಿರುವಿನಲ್ಲಿ ಮರೆಯಾಯಿತು.

ಬಹಳ ಹೊತ್ತು ಬರಲಿಲ್ಲ. ಗಂಡ ಗೇಟಿನಿಂದ ಕದಲಲಿಲ್ಲ. ಅಂತೂ ಬೀದಿಯ ಆ ತುದಿಯಲ್ಲಿ ಕಾರಿನ ಮೂತಿ ಕಂಡಿತು, ಇಂಡಿಕೇಟರ್ ಮಿನುಗುತ್ತಲೇ ಇತ್ತು, ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಗೇಟಿಗೆ ಸರಿಯಾಗಿ ಅಡ್ಡ ಬಂದು ನಿಂತಿತು. ಡಾಕ್ಟರ ಕಣ್ಣು ಕೆಂಪಗಿತ್ತು, ಮೂಗು ಕೆಂಪಗಿತ್ತು, ಮುಖದ ತುಂಬ ನಗು. ಮಾರ್ಕೆಟ್ಟಿನವರೆಗೆ ಹೋಗಿ ಬಂದೆವು ಎಂದರು. ನಾವು ಎರಡು ನಿಮಿಷದಲ್ಲಿ ನ‌ಡೆದು ಹೋಗುವ ಮಾರ್ಕೆಟ್ಟು ಅದು. ಹೊರದೇಶಕ್ಕೆ ಹೋಗಿ ಬಂದವರ ಹಾಗೆ ಹೇಳಿದರು.

ಗಾಡಿಯನ್ನು ರಿವರ್ಸ್ ತೆಗೆದು ಜಾಗದಲ್ಲಿ ನಿಲ್ಲಿಸಬೇಕಿತ್ತು. ಡಾಕ್ಟರು ಅತ್ತೆಯ ಮುಖ ನೋಡಿದರು. ರಿವರ್ಸು ಮಂಗಳವಾರದ ಪಾಠ, ಇವತ್ತಿಗೆ ಇಲ್ಲೇ ಇರಲಿ ಎಂದು ಅತ್ತೆ ಕೀಲಿ ತೆಗೆದು ಇಳಿದರು. ನಾನು ತೆಗೀತೀನಿ ಬಿಡಮ್ಮ ಎಂದು ಗಂಡ ಮುಂದೆ ಬಂದ. ಯಾರೂ ಮುಟ್ಟಕೂಡದು, ಅವರು ನಿಲ್ಲಿಸಿದ್ದು ಅವರೇ ತೆಗೀಲಿ ಎಂದರು ಅತ್ತೆ.

ಹಾಗಾಗಿ ಮಂಗಳವಾರದವರೆಗೆ ನಮ್ಮ ಸ್ಕೂಟರು ಒಳಗೇ ಉಳಿಯಿತು. ನಾವೆಲ್ಲ ಕಾರಿನ ಪಕ್ಕದ ಸಂದಿಯಲ್ಲಿ ಹೊಟ್ಟೆ ಎಳೆದುಕೊಂಡು ಓಡಾಡಿದೆವು. ಗಂಡ ಹೋಗುವಾಗ ಬರುವಾಗ ಅದರ ಬಾನೆಟ್ಟಿನ ಮೇಲೊಂದು ಸಲ ಕೈಯಾಡಿಸುತ್ತಿದ್ದ.